ಔಡಲೆಣ್ಣೆ ಕುಡಿದ ಟ್ಯಾಂಗೊ ಶೂಗಳು

ಹೊರದೇಶದಿಂದ ಬರುವ ಟ್ಯಾಂಗೊ ನೃತ್ಯದ ಗುರುಗಳನ್ನು ದೊಡ್ಡ ಹೋಟೆಲಿನಲ್ಲಿ ಇಳಿಸುವ ಗುಂಪುಗಳೂ ಇವೆ. ನಮ್ಮದು ಅಂಥದ್ದಲ್ಲ. ನಮ್ಮಲ್ಲಿಗೆ ಬಂದವರು ಸಂಘಟಕರ ಮನೆಯಲ್ಲೇ ಉಳಿಯಬೇಕು, ಮಾಡಿ ಬಡಿಸಿದ್ದನ್ನು ಉಣ್ಣಬೇಕು. ಆ ಸಲ ಅರ್ಜೆಂಟೀನಾದ ಗಂಡ ಹೆಂಡತಿ ಜೋಡಿ ಮುಂಬೈ ಬೊರಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಉಳಿಯುವುದೆಂದು ತೀರ್ಮಾನವಾದಾಗ ನನಗೆ ಹೆದರಿಕೆಯಾದದ್ದು ಅಡುಗೆಯ ಬಗ್ಗೆ ಅಲ್ಲ, ಬಚ್ಚಲಿನ ಬಗ್ಗೆಯೂ ಅಲ್ಲ. ಮಾವನ ಬಗ್ಗೆ.

ಮಾವ ಅಥಣಿ ಕಡೆಯವರು, ಇಲ್ಲಿಯ ಬಟ್ಟೆ ಗಿರಣಿಯೊಂದರಲ್ಲಿ ದುಡಿದು ನಿವೃತ್ತರಾದವರು. ನಾನು ಉಡುಪಿ ಕಡೆಯವಳು. ಗಂಡ ಹಡಗಿನ ಕೆಲಸದವರಾದ್ದರಿಂದ ವರ್ಷದ ಬಹುಪಾಲು ಮನೆಯಲ್ಲಿ ನಾವಿಬ್ಬರೇ. ನಾನು ಟ್ಯಾಂಗೊ ಕಲಿಯಲು ಹೋಗತೊಡಗಿ ಎಷ್ಟೋ ವರ್ಷಗಳಾಗಿದ್ದರೂ ಮಾವ ಅದರ ಬಗ್ಗೆ ಒಂದು ಮಾತು ಆಡಿದವರಲ್ಲ. ಬೇಡ ಎಂದಿರಲಿಲ್ಲ, ಆಗಲಿ ಎಂದೂ ಇರಲಿಲ್ಲ. ಶನಿವಾರ ಸಂಜೆ ನಾನು ಶೂ ಚೀಲ ಹೆಗಲಿಗೇರಿಸಿದೆನೆಂದರೆ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಪರಗಂಡಸರನ್ನು ತಬ್ಬಿಕೊಂಡು ಕುಣಿಯುವ ಸೊಸೆಯ ಬಗ್ಗೆ ಅವರಿಗೆ ಏನನ್ನಿಸಬಹುದು ಎಂದು ಊಹಿಸುವಷ್ಟು ಬುದ್ಧಿ ನನಗೂ ಇತ್ತು. ಇಂಥ ಮನೆಗೆ ಟ್ಯಾಂಗೊವನ್ನೇ ಕರೆತಂದು ಕೂರಿಸಲು ಹೊರಟಿದ್ದೆ.

ಬೇರೆ ದಾರಿ ಇರಲಿಲ್ಲ. ನಮ್ಮ ಗುಂಪು ಒಡೆದು ಚೂರಾಗುವ ಹಂತದಲ್ಲಿತ್ತು. ಹಳೆಯ ಹಾಲ್ ಕೈತಪ್ಪಿತ್ತು, ಜನ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ನನ್ನ ಜೊತೆ ಸಂಘಟನೆಗೆ ನಿಂತಿದ್ದ ಹುಡುಗ, ಮಂಗಳೂರು ಮೂಲದವನು, ಇಲ್ಲೇ ಹುಟ್ಟಿ ಬೆಳೆದವನು, ಕೊನೆಯ ಪ್ರಯತ್ನವೆಂದು ಈ ಕಾರ್ಯಾಗಾರ ಹಿಡಿದು ತಂದಿದ್ದ. ಶನಿವಾರ, ಭಾನುವಾರ ಎರಡು ದಿನ. ಮುಲುಂಡ್‌ನಲ್ಲಿ ಉಡುಪಿ ಹೋಟೆಲೊಂದರ ಮೇಲಿನ ಮಹಡಿಯ ಪಾರ್ಟಿ ಹಾಲ್ ಸಿಕ್ಕಿತ್ತು. ಹಳೆಯ ಮೊಸಾಯಿಕ್ ನೆಲ, ಜನ ಓಡಾಡಿ ಓಡಾಡಿ ನುಣುಪಾದದ್ದು, ತಿರುಗಲು ಹೇಳಿ ಮಾಡಿಸಿದ ಹಾಗಿತ್ತು. ಪುಣೆಯಿಂದ, ಬೆಂಗಳೂರಿನಿಂದ ಹೆಸರು ಕೊಟ್ಟವರಿದ್ದರು. ಇದು ಚೆನ್ನಾಗಿ ನಡೆದರೆ ಗುಂಪು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಟ್ಯಾಂಗೊ ಶೂ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದರ ಅಡಿಗೆ ರಬ್ಬರ್ ಇರುವುದಿಲ್ಲ, ತೊಗಲಿರುತ್ತದೆ. ಅದೂ ನುಣ್ಣನೆಯ ತೊಗಲಲ್ಲ, ಉಜ್ಜಿ ಉಜ್ಜಿ ನವಿರು ಎಬ್ಬಿಸಿದ್ದು. ಒಂಟಿ ಕಾಲಿನ ಮೇಲೆ ತಿರುಗುವಾಗ ಅದು ಜಾರಬೇಕು, ನಿಂತಾಗ ನೆಲ ಹಿಡಿಯಬೇಕು. ಆ ಶೂ ಹಾಕಿಕೊಂಡು ನಾವು ಬೀದಿಗಿರಲಿ, ಮೆಟ್ಟಿಲಿಗೂ ಕಾಲಿಡುವುದಿಲ್ಲ. ಹಾಲ್‌ಗೆ ಬಂದ ಮೇಲೆ ಹಾಕಿಕೊಂಡು, ಹೊರಡುವಾಗ ಬಿಚ್ಚಿ ಬಟ್ಟೆಚೀಲಕ್ಕೆ ಸೇರಿಸುತ್ತೇವೆ. ಅಡಿ ಕೊಳೆಯಾದರೆ ತಂತಿ ಬ್ರಷ್‌ನಿಂದ ಉಜ್ಜುತ್ತೇವೆ. ನೀರು ತಾಗಿದರೆ ಪೂರಾ ಒಣಗುವವರೆಗೆ ಮುಟ್ಟುವುದಿಲ್ಲ. ಎಣ್ಣೆ ತಾಗಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಟ್ಯಾಂಗೊ ಶೂಗೆ ಎಣ್ಣೆ ತಾಗಿಸುವ ಪ್ರಸಂಗ ಯಾರಿಗೂ ಬಂದಿರಲಿಕ್ಕಿಲ್ಲ.

ಶುಕ್ರವಾರ ಸಂಜೆ ಇಬ್ಬರೂ ಬಂದಿಳಿದರು. ಗಂಡಸು ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಅವರನ್ನು ಮೇಷ್ಟ್ರು ಎನ್ನುತ್ತೇನೆ. ಅವರ ಹೆಂಡತಿಯನ್ನು ಟೀಚರ್ ಎನ್ನುತ್ತೇನೆ. ಎತ್ತರದ ಹೆಂಗಸು, ಮಾತು ಕಡಿಮೆ, ನಗು ಹೆಚ್ಚು. ವಿಮಾನ ತಡವಾಗಿ ಇಬ್ಬರೂ ಸೋತುಹೋಗಿದ್ದರು. ಮಾವನಿಗೆ ಇಂಗ್ಲಿಷ್ ಬಾರದು, ಅವರಿಗೆ ಹಿಂದಿ ಬಾರದು. ಆದರೂ ಮಾವ ಸ್ನಾನಕ್ಕೆ ಬಿಸಿನೀರು ತೋಡಿಕೊಟ್ಟರು, ಜೋಳದ ರೊಟ್ಟಿ ಮುರಿಯುವುದು ಹೇಗೆಂದು ತೋರಿಸಿದರು. ಮೇಷ್ಟ್ರು ಮೂರನೆಯ ರೊಟ್ಟಿ ಕೇಳಿದಾಗ ಮಾವನ ಮುಖ ಅರಳಿತು. ಊಟವಾದ ಮೇಲೆ ಗುರುಗಳು ತಲಾ ಎರಡು ಜೋಡಿ ಶೂಗಳನ್ನು ಹೊರತೆಗೆದು, ಪೆಟ್ಟಿಗೆಯಲ್ಲಿ ಬೆವತಿವೆ ಎಂದು ಬಾಲ್ಕನಿಯಲ್ಲಿ ಪೇಪರ್ ಹಾಸಿ ಗಾಳಿಗೆ ಇಟ್ಟರು. ಮಾವ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡುತ್ತಿದ್ದುದು ನನಗೆ ಕಂಡಿತ್ತು. ಕುತೂಹಲ ಅಂದುಕೊಂಡೆ.

ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಶೂಗಳೆಲ್ಲ ಬಟ್ಟೆಚೀಲದೊಳಗೆ ಸೇರಿ, ದಾರ ಬಿಗಿದು, ಬಾಗಿಲ ಹತ್ತಿರ ಸಾಲಾಗಿ ಕೂತಿದ್ದವು. ಮಾವ ನಳದ ನೀರು ಬರುವ ಹೊತ್ತಿಗೇ ಏಳುವವರು, ಅವರೇ ಜೋಡಿಸಿಟ್ಟಿದ್ದರು. ಟೀಚರ್ ಅವರಿಗೆ ಕೈಮುಗಿದರು. ನನ್ನ ಕಣ್ಣು ತುಂಬಿಬಂತು ಎಂದರೆ ಉತ್ಪ್ರೇಕ್ಷೆಯಲ್ಲ. ಇಷ್ಟು ವರ್ಷ ನನ್ನ ಶೂ ಚೀಲವನ್ನು ಕಣ್ಣೆತ್ತಿ ನೋಡದ ಮನುಷ್ಯ ಇಂದು ನೃತ್ಯದ ಶೂಗಳನ್ನು ಕೈಯಲ್ಲಿ ಹಿಡಿದಿದ್ದರು. ವಾಸನೆಯ ಬಗ್ಗೆ ಅನುಮಾನ ಬರಲಿಲ್ಲವೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಮಾವ ಮಂಡಿನೋವಿಗೆ ದಿನಾ ಹರಳೆಣ್ಣೆ, ಅವರ ಮಾತಿನಲ್ಲಿ ಔಡಲೆಣ್ಣೆ, ತಿಕ್ಕಿಕೊಳ್ಳುತ್ತಾರೆ, ನಮ್ಮ ಮನೆಗೆ ಇರುವುದೇ ಆ ವಾಸನೆ.

ಬೊರಿವಲಿ, ಮುಲುಂಡ್ ನಕಾಶೆಯಲ್ಲಿ ಅಕ್ಕಪಕ್ಕ. ನಡುವೆ ಇಡೀ ಕಾಡು ಕೂತಿದೆ. ಟ್ಯಾಕ್ಸಿ ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸುತ್ತಿಕೊಂಡು ಮುಲುಂಡ್ ಮುಟ್ಟುವಾಗ ತಡವಾಗಿತ್ತು. ಕೆಳಗಿನ ಹೋಟೆಲಿನಲ್ಲಿ ಆಗಲೇ ನಮ್ಮ ಜನ ಕಾಫಿ ಕುಡಿಯುತ್ತ ನಿಂತಿದ್ದರು. ಇಬ್ಬರೂ ಮೇಲೆ ಹೋಗಿ ಶೂ ಹಾಕಿಕೊಂಡರು. ಮೈ ಬಿಸಿಯಾಗಲೆಂದು ಅಪ್ಪುಗೆಯಲ್ಲಿ ನಿಂತು ಹಾಲ್‌ನ ಅಂಚಿನುದ್ದಕ್ಕೂ ನಡೆಯತೊಡಗಿದರು. ಟ್ಯಾಂಗೊ ಹಾಗೆಯೇ, ಎಲ್ಲ ಜೋಡಿಗಳೂ ಅಂಚು ಹಿಡಿದು ಒಂದೇ ದಿಕ್ಕಿನಲ್ಲಿ ಸಾಗಬೇಕು. ಒಂದು ಸುತ್ತು ಮುಗಿಸಿದರು. ಮೇಷ್ಟ್ರ ಹುಬ್ಬು ಗಂಟಾಗಿತ್ತು. ನಾನು ಸ್ಪೀಕರಿನ ತಂತಿ ಸಿಕ್ಕಿಸುತ್ತಿದ್ದೆ. ಟೀಚರ್ ಒಂಟಿ ಕಾಲಿನ ಮೇಲೆ ತಿರುಗಿದ ಕ್ಷಣ ಆ ಕಾಲು ಹಾರಿಹೋಯಿತು. ಮಂಡಿ ಮೊಸಾಯಿಕ್ಕಿಗೆ ಬಡಿದ ಸದ್ದು ಕೇಳಿ ನನ್ನ ಕೈಯಲ್ಲಿದ್ದ ತಂತಿ ಬಿದ್ದುಹೋಯಿತು.

ಎಬ್ಬಿಸಿ ಕುರ್ಚಿಗೆ ಕೂರಿಸಿದೆವು. ಮೇಷ್ಟ್ರು ಅವರ ಶೂ ಬಿಚ್ಚಿ ತಿರುಗಿಸಿದರು. ಬೂದು ಬಣ್ಣದ ಅಡಿ ಕಪ್ಪಗೆ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರು, ಹೆಬ್ಬೆರಳೂ ಹೊಳೆಯಿತು. ತನ್ನದನ್ನು ನೋಡಿಕೊಂಡರು. ಚೀಲದಲ್ಲಿದ್ದ ಎರಡನೆಯ ಜೋಡಿಗಳನ್ನು ತೆಗೆದರು. ಎಲ್ಲವೂ ಹಾಗೆಯೇ. ಕಿಟಕಿಯ ಬೆಳಕಿಗೆ ಬಾಗಿ ನೋಡಿದರೆ ಹಾಲ್‌ನ ಸುತ್ತಲೂ ಎಣ್ಣೆಯ ಹೆಜ್ಜೆಗಳು ಮಿನುಗುತ್ತಿದ್ದವು. ವಾಸನೆ ನನ್ನ ಮೂಗಿಗೆ ಬಡಿದ ಕೂಡಲೇ ನನಗೆ ಎಲ್ಲ ತಿಳಿದುಹೋಯಿತು. ಅಥಣಿ ಕಡೆ ಹೊಸ ಚಪ್ಪಲಿ ತಂದರೆ ಮೊದಲು ಎಣ್ಣೆ ಕುಡಿಸುತ್ತಾರೆ. ತೊಗಲು ಒಣಗಿದರೆ ಬಿರಿಯುತ್ತದೆ, ಕಾಲು ಕಚ್ಚುತ್ತದೆ. ಮನೆಗೆ ಬಂದ ನೆಂಟರ ಚಪ್ಪಲಿ ಒಣಗಿದ್ದರೆ ಮನೆಯ ಹಿರಿಯ ತಾನೇ ಕೂತು ಹಚ್ಚಿಕೊಡುವುದು ಅಲ್ಲಿ ದೊಡ್ಡ ಮರ್ಯಾದೆ. ನವಿರೆದ್ದ ಆ ತಳವನ್ನು ನೋಡಿ ಮಾವನಿಗೆ ಒಣಗಿ ಸಿಪ್ಪೆಯೆದ್ದ ತೊಗಲೆನ್ನಿಸಿದೆ.

"ಯಾರು ಮಾಡಿದ್ದು ಇದು?" ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು. ಧ್ವನಿ ಏರಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ನಾನು," ಅಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅದನ್ನು ಹಿಂದೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಹೋದ ವರ್ಷ ಮಾವ ನನಗಾಗಿ ಹಾಲು ಕಾಯಿಸಲು ಇಟ್ಟು, ಅದು ಉಕ್ಕಿ ಗ್ಯಾಸ್ ಆರಿಹೋಗಿತ್ತು. ರಜೆಯಲ್ಲಿ ಬಂದಿದ್ದ ನನ್ನ ಗಂಡ, ನೀವು ಈ ಕಡೆ ಬರಬೇಡಿ ಅಪ್ಪಾ ಎಂದು ಒಂದೇ ಒಂದು ಮಾತು ಅಂದಿದ್ದರು. ಆ ದಿನದಿಂದ ಮಾವ ಒಲೆಯ ಹತ್ತಿರ ಹೋಗಿಲ್ಲ. ಕಾಫಿ ಬೇಕಾದರೂ ಕೇಳುವುದಿಲ್ಲ, ಕೊಟ್ಟಾಗ ಕುಡಿಯುತ್ತಾರೆ. ಅಂಥವರು ಈಗ ತಾವಾಗಿ ಒಂದು ಕೈ ಚಾಚಿದ್ದರು. ಅದು ಹೆಂಗಸೊಬ್ಬಳ ಮಂಡಿ ಒಡೆಯಿತು, ಸೊಸೆಯ ಕೆಲಸ ಕೆಡಿಸಿತು ಎಂದು ಅವರ ಕಿವಿಗೆ ಬಿದ್ದರೆ ಆ ಕೈ ಮತ್ತೆ ಹೊರಗೆ ಬರುತ್ತಿರಲಿಲ್ಲ. ಗುರುಗಳು ಇನ್ನೂ ಒಂದು ರಾತ್ರಿ ಅದೇ ಮನೆಯಲ್ಲಿ ಅವರ ಎದುರೇ ಕೂತು ಉಣ್ಣುವವರಿದ್ದರು. ಗೊತ್ತಿದ್ದೂ ಮುಖದಲ್ಲಿ ತೋರಗೊಡದಿರುವುದು ಯಾರಿಂದಾದೀತು?

ಮೇಷ್ಟ್ರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನೀವು ಟ್ಯಾಂಗೊ ಕುಣಿಯುತ್ತೀರಿ. ಕಲಿಸುತ್ತೀರಿ ಕೂಡ. ಹೌದಲ್ಲವೇ?"

"ಹೌದು."

"ಆದರೂ ಎಣ್ಣೆ ಹಚ್ಚಿದಿರಿ."

"ಒಣಗಿದೆ ಅನ್ನಿಸಿತು," ಅಂದೆ. ಹೇಳುವಾಗ ಕಿವಿ ಸುಡುತ್ತಿತ್ತು. ತಬಲಾ ಕಲಿಸುವವನು ತಬಲಾವನ್ನು ನೀರಿನಲ್ಲಿ ನೆನೆಹಾಕಿದೆ ಎಂದ ಹಾಗೆ ಅದು. ನನ್ನ ಜೊತೆಗಾರ ಹುಡುಗ ಬಾಯಿ ತೆರೆದು ನಿಂತಿದ್ದ. "ಅಕ್ಕಾ, ಆಪ್‌ನೇ? ನೀವು? ಕ್ಯೂಂ ಅಕ್ಕಾ?" ಅವನಿಗೂ ನಿಜ ಹೇಳುವಂತಿರಲಿಲ್ಲ. ಅವನ ಬಾಯಲ್ಲಿ ಕಡಲೆಕಾಳೂ ನಿಲ್ಲುವುದಿಲ್ಲ.

"ನೀಚೆ ಸಬ್ ಲೋಗ್ ಬಂದಾಯ್ತು," ಅಂದ ಅವನು, "ಏನು ಹೇಳೂದು?"

ಇನ್ನೊಂದು ಕಾಫಿ ಕುಡಿಯಲಿಕ್ಕೆ ಹೇಳು ಅಂದೆ.

ನೆಲದ ಗತಿ ನೋಡಬೇಕಿತ್ತು. ಹಾಗೇ ಜನರನ್ನು ಬಿಟ್ಟರೆ ಒಬ್ಬೊಬ್ಬರೂ ಎಣ್ಣೆಯನ್ನು ತಮ್ಮ ಶೂಗೆ ಅಂಟಿಸಿಕೊಂಡು ಇಡೀ ಹಾಲ್‌ಗೆ ಹರಡುತ್ತಿದ್ದರು. ಹೋಟೆಲಿನ ಮ್ಯಾನೇಜರು, ಕುಂದಾಪುರದ ಕಡೆಯವರು, ಸದ್ದು ಕೇಳಿ ಮೇಲೆ ಬಂದವರು ನೋಡಿ ತಲೆಗೆ ಕೈಹಚ್ಚಿಕೊಂಡರು. "ಎಂತ ಮಾರಾಯ್ರೆ ಇದು, ನಾಳೆ ಸಂಜೆ ಇಲ್ಲಿ ನಾಮಕರಣದ ಪಾರ್ಟಿ ಉಂಟು!" ಎನ್ನುತ್ತ ಅವರೇ ಓಡಿಹೋಗಿ ಬಕೆಟಿನಲ್ಲಿ ಫಿನಾಯಿಲ್ ನೀರು ತಂದು ಸುರಿದು ಒರೆಸಿದರು. ಬೇಡ ಎನ್ನುವಷ್ಟರಲ್ಲಿ ಅರ್ಧ ಹಾಲ್ ಆಗಿತ್ತು. ಎಣ್ಣೆಯ ಮೇಲೆ ಫಿನಾಯಿಲ್ ಬಿದ್ದು ಬೆಳ್ಳಗೆ ಪಾಚಿಯ ಹಾಗಾಯಿತು. ಕಾಲಿಟ್ಟರೆ ಮೊದಲಿಗಿಂತ ಹೆಚ್ಚು ಜಾರುತ್ತಿತ್ತು. ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು.

"ಎಣ್ಣೆ ಸ್ನಾನದ ದಿನ ಮೈಯ ಎಣ್ಣೆ ಹೇಗೆ ತೆಗೀತೀರಿ ನೀವು?" ಮ್ಯಾನೇಜರನ್ನು ಕೇಳಿದೆ.

"ಕಡ್ಲೆಹಿಟ್ಟು ಹಾಕಿ ತಿಕ್ಕುದು," ಅಂದವರು ಕಣ್ಣರಳಿಸಿದರು. "ಹಾಲ್‌ಗೆಲ್ಲ? ಎಷ್ಟು ಹಿಟ್ಟು ಬೇಕು ಅಕ್ಕ!"

"ಇದ್ದಷ್ಟೂ ಕೊಡಿ."

ಮೊದಲು ಬಿಸಿನೀರಿನಲ್ಲಿ ಫಿನಾಯಿಲ್ ತೆಗೆದು ಹಳೆಯ ಟೇಬಲ್ ಬಟ್ಟೆಗಳಿಂದ ನೆಲ ಒಣಗಿಸಿದೆವು. ನೆಲ ಹಸಿಯಿದ್ದರೆ ಹಿಟ್ಟು ಗೋಂದಾಗುತ್ತದೆ. ಆಮೇಲೆ ಅಂಚಿನುದ್ದಕ್ಕೂ ಕಡಲೆಹಿಟ್ಟು ಉದುರಿಸಿ, ಅದು ಎಣ್ಣೆ ಹೀರುವವರೆಗೆ ಬಿಟ್ಟು, ಒಣ ಬಟ್ಟೆಯಿಂದ ತಿಕ್ಕಿ, ಗುಡಿಸಿದೆವು. ಮತ್ತೆ ಉದುರಿಸಿ ಮತ್ತೆ ಗುಡಿಸಿದೆವು. ನಾನು, ಹುಡುಗ, ಮ್ಯಾನೇಜರು ಮೂವರೂ ಮಂಡಿಯೂರಿದ್ದೆವು. ಕೆಳಗಿನಿಂದ ಬಜ್ಜಿಗೆ ಹಿಟ್ಟಿಲ್ಲ ಎಂಬ ಕೂಗು ಎರಡು ಸಲ ಕೇಳಿಬಂತು. ಮೇಷ್ಟ್ರು ಹೆಂಡತಿಯ ಮಂಡಿಗೆ ಐಸ್ ಹಿಡಿದು ಕೂತು ನಮ್ಮನ್ನು ನೋಡುತ್ತಿದ್ದರು. ಬಹುಶಃ ಯಾವ ಊರಿನಲ್ಲೂ ಅವರು ಇಂಥ ಸ್ವಾಗತ ಕಂಡಿರಲಿಲ್ಲ.

ನೆಲ ಮುಕ್ಕಾಲು ಪಾಲು ಸರಿಯಾಯಿತು. ಶೂಗಳು ಆಗಲಿಲ್ಲ. ಹಿಟ್ಟು ಮೆತ್ತಿ ತಂತಿ ಬ್ರಷ್ ಹಾಕಿ ಉಜ್ಜಿದರೆ ಒಳಗಿನಿಂದ ಎಣ್ಣೆ ಜಿನುಗುತ್ತಲೇ ಇತ್ತು. ಮಾವ ಅಷ್ಟು ಮನಸ್ಸಿಟ್ಟು ಕುಡಿಸಿದ್ದರು. ನನ್ನ ಶೂ ಟೀಚರ್‌ಗೆ ಆಗುವ ಮಾತೇ ಇರಲಿಲ್ಲ, ಅವರ ಪಾದ ನನ್ನದಕ್ಕಿಂತ ಬಹಳ ದೊಡ್ಡದು. ಮುಂಬೈಯಲ್ಲಿ ಏನು ಬೇಕಾದರೂ ಸಿಗುತ್ತದೆ ಎನ್ನುವವರು ಶನಿವಾರ ಮಧ್ಯಾಹ್ನ ಮುಲುಂಡ್‌ನಲ್ಲಿ ಟ್ಯಾಂಗೊ ಶೂ ಹುಡುಕಿ ನೋಡಬೇಕು. ಕೆಳಗೆ ಜನ ಗೊಣಗುತ್ತಿದ್ದರು. ಪುಣೆಯವರು ಮಧ್ಯಾಹ್ನದ ಗಾಡಿಗೆ ವಾಪಸ್ ಹೋಗುವ ಮಾತಾಡುತ್ತಿದ್ದಾರೆ ಎಂದು ಹುಡುಗ ಬಂದು ಹೇಳಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ಕ್ಯಾನ್ಸಲ್ ಮಾಡುವ ಅಕ್ಕ," ಅಂದ. "ಬಸ್, ಖತಂ."

"ಸ್ಟೇಷನ್ ಎದುರು ಕಾಲುಚೀಲ ಮಾರ್ತಾರಲ್ಲ," ಅಂದೆ, "ಹತ್ತಿಯದು. ಸ್ಕೂಲ್ ಮಕ್ಕಳ ಬಿಳಿ ಕಾಲುಚೀಲ ಆದ್ರೂ ಪರವಾಗಿಲ್ಲ. ಎಲ್ಲರಿಗೂ ಆಗುವಷ್ಟು ತೆಗೊಂಡು ಬಾ."

ಯಾರೂ ಶೂ ಹಾಕುವುದಿಲ್ಲ. ಹತ್ತಿ ಉಳಿದ ಎಣ್ಣೆಯನ್ನೂ ಹೀರುತ್ತದೆ, ತಿರುಗಲೂ ಬಿಡುತ್ತದೆ. ಹಿಮ್ಮಡಿ ಎತ್ತರವಿಲ್ಲದೆ ಹೆಂಗಸರ ತೂಕ ಹಿಂದೆ ಬೀಳುತ್ತದೆ, ಹಾಗಾಗಿ ಮೊದಲ ತರಗತಿ ಬರೀ ನಡಿಗೆ. ಇದನ್ನು ನಾನು ಮೇಷ್ಟ್ರಿಗೆ ಹೇಳಿದ್ದು ಕೇಳಿಕೊಂಡ ಹಾಗಿರಲಿಲ್ಲ, ತೀರ್ಮಾನ ತಿಳಿಸಿದ ಹಾಗಿತ್ತು. ಧೈರ್ಯದಿಂದಲ್ಲ, ಬೇರೇನೂ ಉಳಿದಿರಲಿಲ್ಲ ಎಂಬ ಕಾರಣಕ್ಕೆ. ಅವರು ಹೆಂಡತಿಯ ಕಡೆ ನೋಡಿದರು. ಟೀಚರ್ ತಲೆಯಾಡಿಸಿದರು.

ಆದರೆ ಕಲಿಸಿ ತೋರಿಸಲು ಜೋಡಿ ಬೇಕು. ಟೀಚರ್ ಎದ್ದು ನಿಲ್ಲುವ ಹಾಗಿರಲಿಲ್ಲ. ಹಾಲ್ ತುಂಬ ಶಾಲೆಯ ಕಾಲುಚೀಲ ಹಾಕಿದ ಜನ ಸುತ್ತಲೂ ನಿಂತಾಗ ಮೇಷ್ಟ್ರು ನನ್ನ ಮುಖ ನೋಡದೆ ಕೈ ಚಾಚಿದರು. ಅಂಥ ನರ್ತಕನ ಜೊತೆ ಒಮ್ಮೆ ಹೆಜ್ಜೆ ಹಾಕಬೇಕೆಂದು ವರ್ಷಗಳಿಂದ ಆಸೆಪಟ್ಟವಳು ನಾನು. ಟ್ಯಾಂಗೊದಲ್ಲಿ ಎದೆಗೆ ಎದೆ ತಾಗಿಸಿ ನಿಲ್ಲಬೇಕು. ಎದುರಿನವರ ಮನಸ್ಸು ಅಲ್ಲಿಂದಲೇ ಗೊತ್ತಾಗುತ್ತದೆ. ಅವರ ಎದೆ ಗೋಡೆಯ ಹಾಗಿತ್ತು. ದಿನವಿಡೀ, ಮೂರು ತರಗತಿಗಳಲ್ಲೂ, ನನ್ನ ಮೇಲೆ ಸಿಟ್ಟಾಗಿದ್ದ ಮನುಷ್ಯನ ತೋಳಿನೊಳಗೆ ನಿಂತು ಹಿಂದೆ ಹಿಂದೆ ನಡೆದೆ. ತಪ್ಪಿದಾಗ ಅವರು ಬೈಯಲಿಲ್ಲ. ನಿಂತು, ಕಾದು, ಮತ್ತೆ ನಡೆಸಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಜನ ಮಾತ್ರ ಕಲಿತರು, ಪುಣೆಯವರೂ ಉಳಿದರು.

ಸಂಜೆ ಟ್ಯಾಕ್ಸಿಯಲ್ಲಿ ಮನೆಗೆ ಹಿಂತಿರುಗಿದೆವು. ನನಗೆ ಆ ತರಗತಿಗಳಿಗಿಂತ ಕಷ್ಟದ್ದು ಇನ್ನೂ ಮುಂದಿತ್ತು. ಮಾವ ಬಾಗಿಲು ತೆಗೆಯುವ ಮುಂಚೆಯೇ ಟೀಚರ್‌ಗೆ, ಮಂಡಿಯ ವಿಷಯ ನಮ್ಮ ಮಾವನಿಗೆ ಗೊತ್ತಾಗದಂತೆ ನೋಡಿಕೊಳ್ಳಿ, ವಯಸ್ಸಾದವರು, ಗಾಬರಿಯಾಗುತ್ತಾರೆ ಎಂದು ಬೇಡಿಕೊಂಡಿದ್ದೆ. ಆಯಾಸವೆಂದು ಅವರು ನೇರ ಕೋಣೆಗೆ ಹೋಗಿ ಮಲಗಿದರು.

ಊಟಕ್ಕೆ ಕೂತಾಗ ಮಾವ ಮೇಷ್ಟ್ರ ತಟ್ಟೆಗೆ ರೊಟ್ಟಿ ಹಾಕುತ್ತ ನನ್ನ ಕಡೆ ತಿರುಗಿದರು. ಅವರ ಮಾತಿನಲ್ಲಿ ಶೂ, ಚ‍ಪ್ಪಲಿ ಎಲ್ಲವೂ ಕಾಲ್ಮರಿ.

"ಕಾಲ್ಮರಿ ಹೆಂಗ ಅನಿಸಿದುವು ಅಂತ ಕೇಳವಾ ಅವರ್ನ. ಎಷ್ಟ ಒಣಗಿದ್ದುವು ಅಂತಿ, ಹಪ್ಪಳ ಆಗಿದ್ದುವು. ಎಲ್ಲಾಕ್ಕೂ ಔಡಲೆಣ್ಣಿ ಹಚ್ಚೇನಿ. ತಳಕ್ಕಂತೂ ಎರಡ ಸರತಿ."

ಮೇಷ್ಟ್ರು ನನ್ನನ್ನು ನೋಡಿದರು. "ಊಟ ಹೇಗಿದೆ ಎಂದು ಕೇಳುತ್ತಿದ್ದಾರೆ," ಅಂದೆ ಇಂಗ್ಲಿಷಿನಲ್ಲಿ.

"ಈ ಊರಿನಲ್ಲಿ ನನಗೆ ಸರಿಯಾಗಿ ಸಿಕ್ಕಿದ್ದು ಇದೊಂದೇ ಎಂದು ಹೇಳಿ."

ಮಾವನಿಗೆ ಹೇಳಿದೆ: "ಇಷ್ಟು ಮೆತ್ತಗೆ ಯಾವತ್ತೂ ಇರ್ಲಿಲ್ಲವಂತೆ ಮಾವ."

ಮಾವನಿಗೆ ಹಿಡಿಸಲಾರದಷ್ಟು ಸಂತೋಷ. ತಡೆಯಲಾರದೆ ಎಡಗೈಯನ್ನು ಅಂಗಾತ ಹಿಡಿದು, ಅದೇ ಶೂವಿನ ಅಡಿ ಎಂಬಂತೆ, ಬಲಗೈ ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳಿನ ತನಕ ನಿಧಾನವಾಗಿ ತಿಕ್ಕಿ ತೋರಿಸಿದರು. ಆಮೇಲೆ ಮೇಷ್ಟ್ರ ಕಾಲಿನ ಕಡೆ ಕೈ ಮಾಡಿ ತಲೆಯಾಡಿಸಿ ನಕ್ಕರು. ಮೇಷ್ಟ್ರ ಕೈ ರೊಟ್ಟಿಯ ಮೇಲೆ ನಿಂತಿತು. ಮಾವನ ಹೆಬ್ಬೆರಳು ನೋಡಿದರು, ನನ್ನನ್ನು ನೋಡಿದರು. ಈಗ ಸಿಡಿಯುತ್ತಾರೆ ಎಂದು ಕಾದೆ. ಅವರು ರೊಟ್ಟಿ ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟು, ಮಾವನಿಗೆ ತಲೆಬಾಗಿಸಿದರು.

ಊಟವಾದ ಮೇಲೆ ಮೇಷ್ಟ್ರು ನಾನಿದ್ದ ಅಡುಗೆಮನೆಗೆ ನೀರಿನ ನೆಪದಲ್ಲಿ ಬಂದರು. "ನೀವಲ್ಲ."

"ಅಲ್ಲ."

"ಅವರಿಗೆ ಗೊತ್ತೇ?"

"ಇಲ್ಲ. ಗೊತ್ತಾಗಲೂ ಬಾರದು. ದಯವಿಟ್ಟು."

"ನನ್ನ ಹೆಂಡತಿಯ ಮಂಡಿ ಊದಿದೆ," ಅಂದರು.

"ಗೊತ್ತು," ಅಂದೆ. ಅವರು ನೀರಿನ ಬಾಟಲಿ ತೆಗೆದುಕೊಂಡು ಹೊರಗೆ ಹೋದರು. ಹೋಗುವಾಗ, ಈ ಮಾತು ನನ್ನಿಂದ ಹೊರಗೆ ಹೋಗುವುದಿಲ್ಲ ಅಂದರು.

ನನ್ನ ಸುಳ್ಳು ಮಾತ್ರ ಆಗಲೇ ಹೊರಗೆ ಹೋಗಿಯಾಗಿತ್ತು. ನನ್ನ ಜೊತೆಗಾರ ಹುಡುಗ ಅಷ್ಟರಲ್ಲಿ ಗುಂಪಿನ ಮೊಬೈಲುಗಳಿಗೆಲ್ಲ ವಿಷಯ ಮುಟ್ಟಿಸಿಯಾಗಿತ್ತು. ಗುರುಗಳ ಶೂಗೆ ಎಣ್ಣೆ ಹಚ್ಚಿದ ಸಂಘಟಕಿಯ ಕಥೆ ದಿಲ್ಲಿ, ಬೆಂಗಳೂರು ತಲುಪಲು ಒಂದು ರಾತ್ರಿ ಹಿಡಿಯಲಿಲ್ಲ. ಭಾನುವಾರ ಬೆಳಿಗ್ಗೆ ಹಾಲ್‌ಗೆ ಕಾಲಿಟ್ಟಾಗ ಯಾರೋ ಹಿಂದಿನಿಂದ "ತೇಲ್‌ವಾಲಿ ದೀದಿ ಆ ಗಯೀ" ಅಂದರು, ಎಣ್ಣೆ ಅಕ್ಕ ಬಂದಳು ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು.

ಅದೇ ಹುಡುಗ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದ. ಹಿಂದಿನ ಸಂಜೆ ಧಾರಾವಿಯ ತೊಗಲಿನ ಅಂಗಡಿಗಳಿಗೆ ಹೋಗಿ ನವಿರೆದ್ದ ತೊಗಲಿನ ತುಂಡು ತಂದಿದ್ದ. ಎಣ್ಣೆ ಕುಡಿದ ಅಡಿಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಗುರುಗಳ ಮಾಮೂಲಿ ಬೀದಿ ಶೂಗಳ ಅಡಿಗೆ ಅದನ್ನು ಕತ್ತರಿಸಿ ಅಂಟಿಸಿ, ಮೇಲೆ ಹೋಟೆಲಿನ ಅಕ್ಕಿಹಿಟ್ಟಿನ ಡಬ್ಬಗಳನ್ನು ಹೇರಿದೆವು. ಅಂಟು ಒಣಗುವವರೆಗೆ ಬೆಳಗಿನ ತರಗತಿ ಕಾಲುಚೀಲದಲ್ಲೇ ನಡೆಯಿತು. ಮೇಷ್ಟ್ರು ಮತ್ತೆ ನನ್ನ ಜೊತೆ ನಿಂತು ತೋರಿಸಿದರು. ಈ ಸಲ ಎದೆ ಗೋಡೆಯಾಗಿರಲಿಲ್ಲ. ಒಂದು ತಿರುವಿನಲ್ಲಿ ನಾನು ಎಡವಿದಾಗ ಕಿವಿಯ ಹತ್ತಿರ, "ಉಸಿರಾಡಿ, ನೆಲಕ್ಕೆ ಎಣ್ಣೆಯಿಲ್ಲ," ಅಂದರು.

ಮಧ್ಯಾಹ್ನ ಎಲ್ಲರೂ ಸೇರಿ ಕುಣಿಯುವ ಮಿಲೊಂಗ ಇತ್ತು. ಟೀಚರ್ ಮಂಡಿಗೆ ಪಟ್ಟಿ ಬಿಗಿದು ಮೇಷ್ಟ್ರ ಜೊತೆ ಒಂದೇ ಒಂದು ಹಾಡಿಗೆ ನಿಂತರು. ಒಂದು ಸಲವೂ ತಿರುಗಲಿಲ್ಲ, ಬರೀ ನಡೆದರು. ಮುಗಿದಾಗ ಚಪ್ಪಾಳೆ ಹೊಡೆಯಲೂ ಕೆಲವರಿಗೆ ಮರೆತಿತ್ತು. ಬಾಗಿಲ ಹತ್ತಿರ ನಿಂತಿದ್ದ ಮ್ಯಾನೇಜರು ನನ್ನ ಬಳಿ ಬಂದು, "ಇನ್ನು ಪ್ರತಿ ಶನಿವಾರ ಇಲ್ಲೇ ಮಾಡಿ ಅಕ್ಕ, ಆದ್ರೆ ಎಣ್ಣೆ ಬೇಡ," ಅಂದರು. ಗುಂಪು ಉಳಿಯಿತು ಎಂದು ನನಗೆ ಗೊತ್ತಾದದ್ದು ಆಗ. ಗುರುಗಳ ಪೆಟ್ಟಿಗೆಗಳನ್ನು ಬೆಳಿಗ್ಗೆಯೇ ತಂದಿದ್ದರಿಂದ ಹುಡುಗ ಅವರನ್ನು ಅಲ್ಲಿಂದಲೇ ಏರ್‌ಪೋರ್ಟಿಗೆ ಕರೆದೊಯ್ಯುವವನಿದ್ದ. ಎರಡು ದಿನಗಳಲ್ಲಿ ಮೊದಲ ಬಾರಿಗೆ ನನಗೆ ಮಾಡಲು ಕೆಲಸವಿರಲಿಲ್ಲ.

ಟ್ಯಾಂಗೊದಲ್ಲಿ ಬಾಯಿಬಿಟ್ಟು ಕುಣಿಯಲು ಕರೆಯುವುದಿಲ್ಲ. ದೂರದಿಂದ ಕಣ್ಣು ಸೇರಿಸಿ ಸಣ್ಣಗೆ ತಲೆಯಾಡಿಸುತ್ತಾರೆ, ಒಪ್ಪಿಗೆಯಿದ್ದರೆ ನಾವೂ ಆಡಿಸುತ್ತೇವೆ. ಹಾಲ್‌ನ ಆ ತುದಿಯಿಂದ ಮೇಷ್ಟ್ರು ನನ್ನ ಕಡೆ ನೋಡಿ ತಲೆಯಾಡಿಸಿದರು. ಪಾಠಕ್ಕಲ್ಲ, ಕುಣಿಯುವುದಕ್ಕೆ. ನಾನು ಗಡಿಬಿಡಿಯಲ್ಲಿ ಕುರ್ಚಿಯ ಕೆಳಗಿನಿಂದ ನನ್ನ ಶೂ ಚೀಲ ಎಳೆದೆ. ಎರಡು ದಿನದಿಂದ ಅದರ ದಾರ ಬಿಚ್ಚಿರಲಿಲ್ಲ.

ಒಳಗಿಂದ ಅದೇ ವಾಸನೆ ಬಂತು.

ನನ್ನ ಚೀಲ ಬಾಲ್ಕನಿಯಲ್ಲಿರಲಿಲ್ಲ. ನನ್ನ ಕೋಣೆಯ ಬಾಗಿಲ ಹಿಂದೆ ಗೂಟಕ್ಕೆ ನೇತುಹಾಕಿದ್ದೆ. ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಮಾವ ಅಲ್ಲಿಂದ ಅದನ್ನು ತೆಗೆದು, ದಾರ ಬಿಚ್ಚಿ, ಹಚ್ಚಿ, ಮತ್ತೆ ಅಲ್ಲೇ ನೇತುಹಾಕಿದ್ದರು. ಗುರುಗಳ ಶೂಗೆ ಹಚ್ಚಿದ್ದಕ್ಕಿಂತ ಹೆಚ್ಚು ನಿಗಾದಿಂದ ಹಚ್ಚಿದ್ದರು. ಪಟ್ಟಿಗಳ ಒಳಮಗ್ಗಲು, ಬಕಲ್ಲಿನ ಸಂದು, ಕಿರುಬೆರಳು ಉಜ್ಜಿ ಸವೆದ ಜಾಗ, ಒಂದನ್ನೂ ಬಿಟ್ಟಿರಲಿಲ್ಲ. ಅವರ ಕಾಲದ, ಅವರ ಊರಿನ ಮಾವ ಸೊಸೆಯ ಕಾಲ್ಮರಿಯನ್ನು ಕೈಯಿಂದ ಮುಟ್ಟುವುದೆಂದರೆ ಏನೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಎಲ್ಲಾಕ್ಕೂ ಹಚ್ಚೇನಿ ಎಂದು ಊಟದ ಹೊತ್ತಿಗೆ ಅವರು ಹೇಳಿದ್ದರು, ನಾನು ಸುಳ್ಳು ಪೋಣಿಸುವ ಭರದಲ್ಲಿ ಕೇಳಿಸಿಕೊಂಡಿರಲಿಲ್ಲ. ಶೂ ತೊಡೆಯ ಮೇಲಿಟ್ಟುಕೊಂಡು, ಅಷ್ಟು ಜನರ ನಡುವೆ, ಬಿಕ್ಕಿ ಬಿಕ್ಕಿ ಅತ್ತೆ. ಎರಡು ದಿನ ತಡೆದದ್ದೆಲ್ಲ ಹೊರಗೆ ಬಂತು.

ಮೇಷ್ಟ್ರು ಅರ್ಧ ದಾರಿ ಬಂದಿದ್ದರು. ಶೂವಿನ ಅಡಿ ತಿರುಗಿಸಿ ತೋರಿಸಿದೆ. ಅವರು ನಿಂತರು. ಕಾಲುಚೀಲದಲ್ಲೇ ಬನ್ನಿ ಎಂದು ಸನ್ನೆ ಮಾಡಿದರು. ನಾನು ತಲೆ ಅಡ್ಡಡ್ಡ ಆಡಿಸಿದೆ. ಅವರು ಅರ್ಥಮಾಡಿಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತು ಆ ಸರದಿಯ ಹಾಡುಗಳು ಮುಗಿಯುವವರೆಗೆ ಎದ್ದು ಹೋಗಲಿಲ್ಲ.

ಹೊರಡುವಾಗ ಹಾಲ್‌ನ ಹೊಸ್ತಿಲು ದಾಟಿ ಆ ಶೂ ಹಾಕಿಕೊಂಡೆ. ಮೆಟ್ಟಿಲಿಳಿದು ಬೀದಿಗೆ ಬಂದೆ. ಮುಲುಂಡ್ ಸ್ಟೇಷನ್‌ವರೆಗೆ ಎತ್ತರದ ಹಿಮ್ಮಡಿಯಲ್ಲಿ ಹೊಂಡ ತಪ್ಪಿಸುತ್ತ ನಡೆದೆ. ಗಾಡಿ ಬದಲಿಸುವಾಗ ದಾದರ್ ಸೇತುವೆಯ ಮೇಲೆ ಯಾರೋ ತುಳಿದರು. ಬೊರಿವಲಿ ಲೋಕಲಿನಲ್ಲಿ ಮೀನಿನ ಬುಟ್ಟಿಯ ನೀರು ತಾಗಿತು. ಬೀದಿಯ ಧೂಳು ಮುಟ್ಟಬಾರದೆಂದು ವರ್ಷಗಟ್ಟಲೆ ಕಾಪಾಡಿದ ಶೂ ಅದು.

ಮಾವ ಬಾಗಿಲು ತೆಗೆದರು. ಅವರ ಕಣ್ಣು ನೇರ ನನ್ನ ಕಾಲಿನ ಮೇಲೆ ಹೋಯಿತು.

"ಮೆತ್ತಗ ಆಗ್ಯಾವನವಾ?"

"ಬಾಳ ಮೆತ್ತಗ ಆಗ್ಯಾವ ಮಾವ," ಅಂದೆ.

"ಮತ್ತ! ಅಷ್ಟ ಕುಣೀತಿ, ಕಾಲಿಗೆ ಹತ್ತೂದಿಲ್ಲೇನು?" ಅಂದು ಬಾಗಿಲಿಂದ ಸರಿದರು. "ಬರೂ ಶನಿವಾರ ಹೋಗೂ ಮುಂದ ಕೊಡು. ಇನ್ನೊಂದ ಕೈ ಹಚ್ಚಿ ಕೊಡ್ತೀನಿ."

ಕೊಡುತ್ತೇನೆ ಅಂದೆ. ಕುಣಿಯಲು ಹೊಸದೊಂದು ಜೋಡಿ ತರಿಸಿಕೊಂಡಿದ್ದೇನೆ. ಅದು ಗೋರೆಗಾಂವ್‌ನ ನನ್ನ ಆಫೀಸಿನ ಡ್ರಾಯರಿನಲ್ಲಿರುತ್ತದೆ, ಶುಕ್ರವಾರ ಕೈಚೀಲದ ತಳದಲ್ಲಿ ಅಡಗಿಸಿಕೊಂಡು ತರುತ್ತೇನೆ. ಹಳೆಯದಕ್ಕೆ ಮಾವ ಪ್ರತಿ ಶನಿವಾರ ಬೆಳಿಗ್ಗೆ ಕೂತು ಎಣ್ಣೆ ಹಚ್ಚುತ್ತಾರೆ. ಸಂಜೆ ಅವರ ಎದುರಿಗೇ ಅದನ್ನು ಹಾಕಿಕೊಂಡು ಮನೆಯಿಂದ ಹೊರಡುತ್ತೇನೆ.